ಬೆಚ್ಚನೆಯ ಗೋಡೆಯನ್ನು ತೆರೆಸಿದವರು

ಕಾರ್ಖಾನೆಗಳ ಇಂಧನ ಲೆಕ್ಕಪರಿಶೋಧನೆ ಎಂಬುದು ಫಿನ್ಲೆಂಡಿನ ನಮ್ಮ ಈ ಸರೋವರ ಸೀಮೆಯಲ್ಲಿ ಇನ್ನೂ ಹೆಸರಿಲ್ಲದ ಕೆಲಸವಾಗಿದ್ದ ದಿನಗಳಲ್ಲಿಯೇ ಅದನ್ನು ಕೈಗೆತ್ತಿಕೊಂಡು, ಅದಕ್ಕೊಂದು ಶಿಸ್ತನ್ನೂ ಘನತೆಯನ್ನೂ ತಂದುಕೊಟ್ಟವರ ಸಾಲಿನಲ್ಲಿ ಶ್ರೀಮತಿ ಮಾರ್ಕೆತ್ತಾ ಸೊಯಿನಿನೆನ್ ಅವರದು ಮೊದಲ ಹೆಸರು. ಇಂದು ಯಾವ ಕಾಗದದ ಗಿರಣಿಗೆ, ಯಾವ ಹಾಲಿನ ಡೇರಿಗೆ ಹೋದರೂ ಆಡಿಟರು ಬರುವ ಮುನ್ನ ಅಲ್ಲಿನವರು ಮಾಡಿಕೊಳ್ಳುವ ಸಿದ್ಧತೆಯಲ್ಲಿ ಮಾರ್ಕೆತ್ತಾ ಅವರ ಕೈಗುರುತು ಕಾಣುತ್ತದೆ. ಮಾಡುವವರಿಗೆ ಅದು ಅವರಿಂದ ಬಂದದ್ದೆಂದು ತಿಳಿದಿರುವುದಿಲ್ಲ, ಅಷ್ಟೇ. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಅವರ ವಿದ್ವತ್ತನ್ನು ಕುರಿತು ಬರೆಯಲು ನನಗಿಂತ ಅರ್ಹರಾದವರು ಈ ಸಂಪುಟದಲ್ಲಿದ್ದಾರೆ. ಹೌಕಿಸಲ್ಮಿಯ ರಟ್ಟಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ಅವರ ಜೊತೆ ದುಡಿದ ನಾನು, ಎಸ್ಕೊ ತೀಹೊನೆನ್, ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬಲ್ಲೆ.

ಅವರು ನಮ್ಮಲ್ಲಿಗೆ ಬಂದದ್ದು ಒಂದು ಕೆಸರು ತುಂಬಿದ ಏಪ್ರಿಲ್‌ನಲ್ಲಿ, ಮಂಜುಗಡ್ಡೆ ಒಡೆದು ಸರೋವರ ಗೊರಗೊರ ಸದ್ದು ಮಾಡುತ್ತಿದ್ದಾಗ. ಪಾಲಿಟೆಕ್ನಿಕ್ಕಿನಿಂದ ಆಗಷ್ಟೇ ಹೊರಬಿದ್ದಿದ್ದ ತೆಳ್ಳಗಿನ ಹುಡುಗಿ. ಬಂದ ಮೊದಲ ವಾರ ಯಾರೊಡನೆಯೂ ಹೆಚ್ಚು ಮಾತಾಡದೆ, ಕಾರ್ಖಾನೆಯ ಮೂಲೆಮೂಲೆಗಳಲ್ಲಿ ನಿಂತು ಕಿವಿಗೊಟ್ಟು ಕೇಳುತ್ತಿದ್ದರು. ಗಾಳಿಕೊಳವೆಯ ಸೋರಿಕೆಯನ್ನು ಸೋಪಿನ ನೀರು ಹಚ್ಚದೆ ಬರೀ ಕಿವಿಯಿಂದಲೇ ಪತ್ತೆ ಮಾಡಿದಾಗ ಒಣಗಿಸುವ ಯಂತ್ರದವರು ಅವರಿಗೆ ‘ಬಾವಲಿ’ ಎಂದು ಅಡ್ಡಹೆಸರಿಟ್ಟರು. ಅದನ್ನು ಕೇಳಿ ಅವರು ನಕ್ಕರು. ಆ ನಗುವಿನಿಂದ ಗಿರಣಿ ಅವರನ್ನು ಒಪ್ಪಿಕೊಂಡಿತು.

ನನ್ನ ಹೆಂಡತಿ ಆಯ್ಲಿ ಮೊದಲ ಬಾರಿ ಆಸ್ಪತ್ರೆ ಸೇರಿದ ಚಳಿಗಾಲದಲ್ಲಿ, ನಾನು ಪಾಳಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅಂಗಳದ ಹಿಮವನ್ನು ಬಾಗಿಲಿನವರೆಗೂ ಯಾರೋ ಗೋರಿರುತ್ತಿದ್ದರು. ಅದು ಯಾರ ಕೆಲಸವೆಂದು ವಸಂತ ಬರುವವರೆಗೆ ನನಗೆ ತಿಳಿಯಲಿಲ್ಲ. ತಿಳಿದ ಮೇಲೆ ಕೃತಜ್ಞತೆ ಹೇಳಲು ಹೋದರೆ ಅವರು, “ಗೋರೋದು ನಂಗೆ ವ್ಯಾಯಾಮ ಕಣೋ, ಅದಕ್ಕೂ ಒಂದು ಭಾಷಣ ಬೇಕಾ?” ಎಂದು ಮಾತು ಮುಗಿಸಿಬಿಟ್ಟರು. ಇಂಥವು ಇನ್ನೂ ಹಲವಿವೆ. ಆದರೆ ಅವರನ್ನು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನಿಸಿ ಎದ್ದು ನಿಲ್ಲುವುದು ತೊಂಬತ್ತರ ದಶಕದ ಆ ಒಂದು ಬೇಸಿಗೆಯ ಹಬ್ಬ. ಅದನ್ನೇ ಇಲ್ಲಿ ವಿವರವಾಗಿ ಬರೆಯುವೆನು.

ದೇಶವೆಲ್ಲ ಕೆಲಸ ಕಳೆದುಕೊಂಡು ಕೂತಿದ್ದ ವರ್ಷಗಳವು. ಗಿರಣಿಯ ಮಾಲೀಕರು ರಾಜಧಾನಿಯಿಂದ ಆಡಿಟರನ್ನು ಕಳುಹಿಸುವುದಾಗಿ ತಿಳಿಸಿದ್ದರು. ಹಳೆಯ ಒಂದನೇ ಯಂತ್ರಾಂಗಣ ತಾನು ತಿನ್ನುವ ವಿದ್ಯುತ್ತಿಗೆ ಲೆಕ್ಕ ಕೊಡದಿದ್ದರೆ ಅದಕ್ಕೆ ಬೀಗ ಬೀಳುವುದೆಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಒಂದನೇ ಯಂತ್ರಾಂಗಣವೆಂದರೆ ಊರಿನ ಅರ್ಧ ಮನೆಗಳ ಒಲೆ. ವ್ಯವಸ್ಥಾಪಕರಾದ ಕ್ಯೋಸ್ತಿ ಲಾಪ್ಪಾಲೈನೆನ್ ಅವರು ಗೋಡೆಗೆ ಬಣ್ಣ ಹೊಡೆಸಿ ನೆಲ ತೊಳೆಸುವುದನ್ನೇ ಸಿದ್ಧತೆಯೆಂದು ಭಾವಿಸಿದ್ದಾಗ, ಮಾರ್ಕೆತ್ತಾ ಅವರು ಬೇರೊಂದು ಮಾತು ಹೇಳಿದರು.

“ಬರೋರು ನಮ್ಮನ್ನ ಹುಡುಕೋಕೆ ಮುಂಚೆ ನಾವೇ ನಮ್ಮನ್ನ ಹುಡುಕ್ಕೊಳ್ಳೋಣ. ಹಬ್ಬಕ್ಕೆ ಎಲ್ರೂ ಮನೆಗೆ ಹೋಗ್ತಾರಲ್ಲ, ಆಗ ಎಲ್ಲಾ ಆರಿಸಿಬಿಡೋಣ. ಎಲ್ಲಾ ಅಂದ್ರೆ ಎಲ್ಲಾ. ಆಮೇಲೂ ಯಾರು ತಿಂತಿದ್ದಾರೆ ಅಂತ ನೋಡೋಣ.”

ಹಾಗೆ ಮಧ್ಯಬೇಸಿಗೆಯ ಹಬ್ಬದ ದಿನ, ಊರಿನವರೆಲ್ಲ ದಡದಲ್ಲಿ ಬೆಂಕಿ ಹಾಕಲು ಸೌದೆ ಒಟ್ಟುತ್ತಿದ್ದಾಗ, ನಾವಿಬ್ಬರೇ ಗಿರಣಿಯೊಳಗಿದ್ದೆವು. ಬಾಯ್ಲರು ಆಗಲೇ ಆರಿ ತಣ್ಣಗಾಗಿತ್ತು. ನಾನು ಒಂದೊಂದೇ ಸ್ವಿಚ್ಚು ಇಳಿಸುತ್ತ ಹೋದೆ. ಅವರು ಯಂತ್ರಾಂಗಣದ ಮುಖ್ಯ ಮೀಟರಿನ ಮುಂದೆ ನಿಂತು ಮುಳ್ಳು ಇಳಿಯುವುದನ್ನು ಕೂಗಿ ಹೇಳುತ್ತಿದ್ದರು. ಪಂಪು ನಿಂತಿತು. ಫ್ಯಾನು ನಿಂತಿತು. ನಾನು ಕೆಲಸಕ್ಕೆ ಸೇರಿದಂದಿನಿಂದ ಒಂದು ದಿನವೂ ನಿಲ್ಲದಿದ್ದ ಗುಂಯ್‌ಗುಡುವಿಕೆ ನಿಂತುಹೋದಾಗ, ಅದರ ಹಿಂದೆ ಅಡಗಿದ್ದ ಮೌನ ಎಷ್ಟು ದೊಡ್ಡದೆಂದು ಮೊದಲ ಬಾರಿ ತಿಳಿಯಿತು. ಎತ್ತರದ ಕಿಟಕಿಗಳಿಂದ ಬಿಳಿಯ ಬಿಸಿಲು ಸುರಿಯುತ್ತಿತ್ತು. ಹೆದರಲು ಒಂದು ನೆರಳೂ ಇರಲಿಲ್ಲ. ಆದರೂ ನಾನು ಗಂಟಲು ಸರಿಮಾಡಿಕೊಳ್ಳಲು ಹಿಂಜರಿದೆ.

“ಎಸ್ಕೊ,” ಎಂದರು ಮಾರ್ಕೆತ್ತಾ, ಕೂಗದೆ. “ಎಲ್ಲಾ ಇಳಿಸಿದ್ಯಾ?”

“ಎಲ್ಲಾ ಇಳಿಸಿದೀನಿ. ‘ಹಳೇ ಮೆಟ್ಟಿಲ ದೀಪ’ ಅಂತ ಒಂದಿದೆ, ಅದೊಂದು ಬಿಟ್ಟಿದ್ದೀನಿ. ಆ ಮೆಟ್ಟಿಲನ್ನ ಒಡೆದು ಯಾವ ಕಾಲ ಆಯ್ತೋ. ಅದ್ರಲ್ಲಿ ಏನಿರುತ್ತೆ?”

“ಇಲ್ಲಿ ಬಾ.”

ಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತಿರಲಿಲ್ಲ. ಮೆಲ್ಲಗೆ ಮೇಲೇರಿ, ಅಲ್ಲಿ ತುಸು ತಡೆದು, ಸೊನ್ನೆಗೆ ಜಾರಿ, ಮತ್ತೆ ಕೆಲಹೊತ್ತಿಗೆ ಏರುತ್ತಿತ್ತು. ಮಲಗಿರುವವರ ಎದೆಯನ್ನು ನೋಡಿದಂತಿತ್ತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಯಾರೋ ಬಳಸುತ್ತಿದ್ದಾರೆ, ಮತ್ತೆ ಬಿಡುತ್ತಿದ್ದಾರೆ. ಇಲ್ಲದ ಮೆಟ್ಟಿಲಿನ ಮೇಲೆ ಯಾರೋ ದೀಪ ಹಚ್ಚಿ ಆರಿಸುತ್ತಿದ್ದಾರೆ.

ಶಾಖವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾವೊಂದನ್ನು ಅವರು ವಿಶ್ವವಿದ್ಯಾಲಯದಿಂದ ಎರವಲು ತಂದಿದ್ದರು. ಹಾಲಿನ ಕ್ಯಾನಿನಷ್ಟು ಭಾರದ್ದು. ಅದನ್ನು ಹೊತ್ತುಕೊಂಡು ಯಂತ್ರಾಂಗಣದ ಗೋಡೆಯುದ್ದಕ್ಕೂ ನಡೆದೆವು. ಎಲ್ಲವೂ ತಣ್ಣನೆಯ ನೀಲಿ. ಸರೋವರದ ಕಡೆಯ ಮೂಲೆಗೆ, ಕ್ಯಾಂಟೀನಿಗೆ ಹೋಗುವ ಓಣಿಯ ಇಟ್ಟಿಗೆ ಗೋಡೆಗೆ ಬಂದಾಗ ಪರದೆಯ ಮೇಲೆ ಒಂದು ಬಿಳಿಚು ಹಳದಿ ಮೂಡಿತು. ನಾನು ನಕ್ಕುಬಿಟ್ಟೆ. “ಓ, ಇದಾ! ಇದು ಬೆಚ್ಚನೆ ಗೋಡೆ.”

ಆ ಗೋಡೆ ನಮಗೆಲ್ಲ ಗೊತ್ತಿದ್ದದ್ದೇ. ಜನವರಿಯಲ್ಲಿ ಕೈಗವುಸು ಒಣಗಿಸುತ್ತಿದ್ದುದು ಅಲ್ಲಿ, ಬೆನ್ನುನೋವಿನವರು ಒರಗುತ್ತಿದ್ದುದು ಅಲ್ಲಿ. ಹಿಂದೆ ಉಗಿಯ ಕೊಳವೆ ಹೋಗಿದೆಯೆಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಬಣ್ಣ ಸವೆದು ಅಲ್ಲೊಂದು ಆಕಾರ ಮೂಡಿತ್ತು: ಒರಗಿ ನಿಂತ ಹೆಗಲು, ಅದರ ಮೇಲೆ ತಲೆ. ಗೋಡೆಯ ಬುಡದ ಚಾಚಿನ ಮೇಲೆ ಯಾರೋ ಒಂದು ಏಲಕ್ಕಿ ಬನ್ನು ಇಟ್ಟಿದ್ದರು, ಇನ್ನೂ ಮೆತ್ತಗಿತ್ತು.

ಮಾರ್ಕೆತ್ತಾ ಅವರು ನಗಲಿಲ್ಲ. ಗೋಡೆಯ ಮೇಲೆ ಅಂಗೈಯೂರಿ ಬಹಳ ಹೊತ್ತು ನಿಂತರು. ಆಮೇಲೆ ಕೇಳಿದರು: “ಬಾಯ್ಲರ್ ಆರಿ ಮೂರು ದಿನ ಆಯ್ತಲ್ಲ ಎಸ್ಕೊ. ಇದು ಯಾವ ಉಗಿ?”

ಇಷ್ಟು ವರ್ಷ ಆ ಪ್ರಶ್ನೆಯೇ ಹೊಳೆಯದೆ ಹೋದದ್ದು ಆ ಬಿಸಿಲಿನಲ್ಲಿಯೂ ನನಗೆ ಚಳಿ ಹುಟ್ಟಿಸಿತು.

ನಕ್ಷೆಯಲ್ಲಿ ಗೋಡೆಯ ಆಚೆಗೆ ಏನೂ ಇರಲಿಲ್ಲ. ಹಬ್ಬಕ್ಕೆಂದು ಹೋಗಿದ್ದ ದಡದ ಗುಡಿಸಲಿನಿಂದ ಕರೆಸಿಕೊಂಡ ಕ್ಯೋಸ್ತಿ ಅವರು ರಬ್ಬರಿನ ಬೂಟು ಹಾಕಿಕೊಂಡು, ಹೊಗೆ ನಾರುತ್ತ ಬಂದರು. ಮೀಟರು ನೋಡಿದರು, ಗೋಡೆ ಮುಟ್ಟಿದರು, ಮುಟ್ಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

“ದೀಪದ ಲೆಕ್ಕಕ್ಕೆ ಸೇರಿಸಿಬಿಡಿ. ಎಷ್ಟು ಮಹಾ ಇದೆ?”

“ಎಷ್ಟು ಅನ್ನೋದಲ್ಲ, ಏನು ಅನ್ನೋದು,” ಎಂದರು ಮಾರ್ಕೆತ್ತಾ.

“ನೋಡಮ್ಮಾ, ಆಡಿಟರ್ ಬರೋ ಹೊತ್ತಲ್ಲಿ ಗೋಡೆ ಒಡೆದುಕೊಂಡು ಕೂರೋಕೆ ಆಗಲ್ಲ. ಇಷ್ಟು ವರ್ಷ ಏನೂ ಆಗಿಲ್ಲ ತಾನೆ?” ಅವರ ದನಿ ಇದ್ದಕ್ಕಿದ್ದಂತೆ ತಗ್ಗಿತು. “ಆ ಕಡೆ ಏನಿದೆ ಅಂತ ಲಹ್ಯಾನ ಕೇಳಿ. ನಾನು ಹೇಳಿದೆ ಅನ್ಬೇಡಿ.”

ಲಹ್ಯಾ ಹಕ್ಕರೈನೆನ್ ಕ್ಯಾಂಟೀನಿನ ಅಡುಗೆಯಾಕೆ. ಮಾತು ಒರಟು, ಕೈ ಧಾರಾಳ. ನಾವು ಹೋದಾಗ ಹಬ್ಬಕ್ಕೆಂದು ಬಾಗಿಲಿನ ಎರಡೂ ಕಡೆ ಬರ್ಚ್ ಕೊಂಬೆ ಕಟ್ಟಿ, ಮೆಟ್ಟಿಲ ಮೇಲೆ ಒಬ್ಬಳೇ ಕೂತು ಹೊಸ ಆಲೂಗೆಡ್ಡೆ ಉಜ್ಜುತ್ತಿದ್ದಳು.

“ಏನು ಬಾವಲಿ, ಹಬ್ಬದ ದಿನಾನೂ ಮೀಟರ್ ಹಿಡ್ಕೊಂಡು ಅಲೀತಿದ್ದೀಯ? ನಿಂಗೆ ಮನೆ ಮಠ ಇಲ್ವೇನೇ?”

“ಲಹ್ಯಾ, ಆ ಗೋಡೆ ಹಿಂದೆ ಏನಿದೆ?”

ಆಲೂಗೆಡ್ಡೆ ಉಜ್ಜುವ ಕೈ ನಿಂತಿತು. “ಬನ್ನು ನೋಡಿದ್ರಾ?” ಎಂದಳು.

“ನೋಡಿದ್ವಿ.”

“ಅಲ್ಲಿ ಸೌನಾ ಇತ್ತು. ಪಾಳಿ ಮುಗಿಸಿದ ಗಂಡಸ್ರು ಅಲ್ಲಿ ಉಗಿಸ್ನಾನ ಮಾಡಿ, ಹಾಗೇ ಬಾಗ್ಲು ತೆಗೆದು ಸರೋವರಕ್ಕೆ ಹಾರ್ತಿದ್ರು. ನನ್ನ ಅಣ್ಣ ಸುಲೊ ಹಾರಿದ. ಮೇಲೆ ಬರಲಿಲ್ಲ. ಬಲೆ ಹಾಕಿದ್ರು, ದೋಣಿ ತಂದ್ರು, ಸಿಗಲಿಲ್ಲ. ಅವತ್ತಿಂದ ಯಾರೂ ಆ ಕೋಣೆಗೆ ಕಾಲಿಡಲಿಲ್ಲ. ಅದಾದ್ಮೇಲೆ ಗಿರಣಿ ದೊಡ್ಡದು ಮಾಡಿದಾಗ ಎರಡೂ ಕಡೆ ಗೋಡೆ ಎಬ್ಬಿಸಿಬಿಟ್ರು. ಕೆಲಸದೋರಿಗೆ ಒಳಗೆ ಹೋಗೋಕೆ ಧೈರ್ಯ ಇರಲಿಲ್ಲ. ಹೊರಗೇ ನಿಂತು ಕಟ್ಟಿದ್ರು.” ಅವಳು ಒದ್ದೆ ಕೈಯನ್ನು ಮಡಿಲಿನಲ್ಲಿ ಮುಚ್ಚಿಕೊಂಡಳು. “ಮುಂದಿನ ಚಳಿಗಾಲ ಒಂದಿನ ಗೋಡೆಗೆ ಕೈಯಿಟ್ಟೆ. ಬೆಚ್ಚಗಿತ್ತು. ಸುಲೊಗೆ ಸೌನಾ ಅಂದ್ರೆ ಪ್ರಾಣ. ಎಲ್ರಿಗಿಂತ ಕೊನೇಲಿ ಏಳ್ತಿದ್ದ. ಇನ್ನೂ ಎದ್ದಿಲ್ಲ ಅಂದ್ಕೊಂಡೆ.”

ಮಾರ್ಕೆತ್ತಾ ಅವರು ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸಾಂತ್ವನವಿರಲಿಲ್ಲ. ಅದಕ್ಕೇ ಇರಬೇಕು, ಲಹ್ಯಾ ಅದನ್ನು ಕೇಳಿಸಿಕೊಂಡಳು.

“ಒಳಗಿನ ಒಲೆಗೆ ಕರೆಂಟ್ ಹೋಗ್ತಾ ಇದೆ ಲಹ್ಯಾ. ಇಷ್ಟು ವರ್ಷ ಅದು ಆರಿಲ್ಲ. ಒಳಗೆಲ್ಲಾ ಮರ. ಮರ ಬಿಸೀಲಿ ಒಣಗ್ತಾ ಒಣಗ್ತಾ ಇದ್ದಿಲಾಗುತ್ತೆ; ಕೊನೆಗೆ ಕಿಡೀನೂ ಬೇಕಿಲ್ಲ, ತಾನೇ ಹತ್ಕೊಳ್ಳುತ್ತೆ. ಆ ಗೋಡೆಗೆ ಒರಗೋರು ನೀನು, ಎಸ್ಕೊ, ಎಲ್ರೂ. ನಾನು ಅದನ್ನ ಆರಿಸಲೇಬೇಕು. ನಿನಗೆ ಹೇಳದೆ ಆರಿಸಲ್ಲ.”

ಲಹ್ಯಾ ಎದ್ದು ಏಪ್ರನ್ ಬಿಚ್ಚಿದಳು. “ನಾನೇ ಆರಿಸ್ತೀನಿ,” ಎಂದಳು.

ಸಂಜೆಯ ಹೊತ್ತಿಗೆ, ಇನ್ನೂ ಹಾಡುಹಗಲಿನ ಬೆಳಕಿರುವಾಗ, ಅಗ್ನಿಶಾಮಕ ದಳದವರು ಓಣಿಯಲ್ಲಿ ನೀರಿನ ಕೊಳವೆ ಹಾಸಿ ನಿಂತರು. ಫಲಕದ ಮುಂದೆ ನಾನು ಆ ‘ಹಳೇ ಮೆಟ್ಟಿಲ ದೀಪ’ದ ಸ್ವಿಚ್ಚು ತೋರಿಸಿದೆ. ಲಹ್ಯಾ ಅದನ್ನು ಮೆಲ್ಲಗೆ, ಮಲಗಿರುವ ಮಗುವಿನ ಮೈಮೇಲಿನ ಹೊದಿಕೆ ಸರಿಮಾಡುವಂತೆ, ಕೆಳಗಿಳಿಸಿದಳು. ಮುಳ್ಳು ಸೊನ್ನೆಗೆ ಇಳಿಯಿತು. ಮತ್ತೆ ಏರಲಿಲ್ಲ.

ಆಗ ಗೋಡೆಯ ಆಚೆಯಿಂದ ಸದ್ದಾಯಿತು. ಟಕ್. ತಡೆದು, ಮತ್ತೊಂದು. ಆಮೇಲೆ ಮರದ ಹಲಗೆಯ ಮೇಲಿನಿಂದ ಯಾರೋ ಮೈಭಾರವನ್ನು ಎತ್ತಿಕೊಂಡಂಥ ನಿಡಿದಾದ ಒಂದು ಕಿರುಗುಟ್ಟು. ದಳದವರಲ್ಲೊಬ್ಬನು ಹೆಜ್ಜೆ ಹಿಂದಿಟ್ಟನು.

“ಮರ ತಣ್ಣಗಾಗ್ತಿದೆ,” ಎಂದರು ಮಾರ್ಕೆತ್ತಾ. “ತಣ್ಣಗಾಗೋ ಮರ ಸದ್ದು ಮಾಡುತ್ತೆ.” ಅದು ನಿಜ. ಆದರೆ ಅವರ ಕೈ ಲಹ್ಯಾಳ ಕೈಯನ್ನು ಹಿಡಿದಿತ್ತು. ಯಾರು ಯಾರನ್ನು ಹಿಡಿದಿದ್ದರೆಂದು ಇಂದಿಗೂ ಹೇಳಲಾರೆ.

ಇಟ್ಟಿಗೆಗಳನ್ನು ತೆಗೆದೆವು. ಬೆಲ್ಲ ಕರಗಿಸಿದಂಥ ಸುಟ್ಟ ಸಿಹಿವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಹಲಗೆಗಳು ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿದ್ದವು. ಒಲೆಯ ಹಿಂದಿನ ಹಲಗೆಯನ್ನು ದಳದ ನಾಯಕ ಬೆರಳಿನಿಂದ ಮುಟ್ಟಿದರೆ ಕರ್ರಗೆ ಪುಡಿಯಾಯಿತು. “ಈ ಚಳಿಗಾಲ ದಾಟ್ತಿರಲಿಲ್ಲ,” ಎಂದಷ್ಟೇ ಅವನು ಹೇಳಿದ. ಒಲೆಯ ಕಾವಿನ ಕಡ್ಡಿಗಳಲ್ಲಿ ಒಂದನ್ನುಳಿದು ಎಲ್ಲವೂ ಸುಟ್ಟುಹೋಗಿದ್ದವು. ಉಳಿದ ಆ ಒಂದೇ ಬಿಸಿಯಾಗಿ, ಆರಿ, ಬಿಸಿಯಾಗಿ, ಇಷ್ಟು ಕಾಲ ಬದುಕಿತ್ತು. ಸಮಯ ಮುಗಿದರೆ ತಾನೇ ಆರುವ ಗುಂಡಿಯನ್ನು ಯಾರೋ ಬಹಳ ಹಿಂದೆ ತಂತಿ ಸುತ್ತಿ ಬಿಗಿದಿದ್ದರು, ಇನ್ನಷ್ಟು ಹೊತ್ತು ಬೆಚ್ಚಗೆ ಕೂರುವ ಆಸೆಗೆ.

ಒಳಗೆ ಯಾರೂ ಇರಲಿಲ್ಲ. ಇರುವುದಿಲ್ಲವೆಂದು ನಮಗೆ ಗೊತ್ತಿತ್ತು. ಆದರೂ ಮೇಲಿನ ಹಲಗೆ ಬರಿದಾಗಿರುವುದನ್ನು ಕಂಡಾಗ ಎಲ್ಲರೂ ಒಮ್ಮೆಗೇ ಉಸಿರುಬಿಟ್ಟೆವು. ಕೆಳಗಿನ ಹಲಗೆಯ ಮೇಲೆ ಮರದ ಸೌಟು, ಅದರ ಪಕ್ಕ ತಗಡಿನ ಬಕೆಟ್ಟು. ನಾನು ಟಾರ್ಚಿನ ಬೆಳಕು ಬಿಟ್ಟೆ. ಬಕೆಟ್ಟಿನಲ್ಲಿ ನೀರಿತ್ತು.

ಓದುಗರು ಇಲ್ಲಿ ತುಸು ತಡೆದು ಯೋಚಿಸಬೇಕು. ಹಲಗೆಗಳನ್ನು ಇದ್ದಿಲಾಗಿಸುವಷ್ಟು ಬಿಸಿಯಲ್ಲಿ, ನಲ್ಲಿಯಿಲ್ಲದ, ಕಿಟಕಿಯಿಲ್ಲದ, ಎರಡೂ ಕಡೆ ಇಟ್ಟಿಗೆ ಮುಚ್ಚಿದ ಕೋಣೆಯಲ್ಲಿ, ನೀರು ಬಕೆಟ್ಟಿನ ಅಂಚಿನವರೆಗೆ ತುಂಬಿತ್ತು. ಸೌಟಿನ ಬಟ್ಟಲು ಒದ್ದೆಯಾಗಿತ್ತು. ಮಾಡು ಸೋರಿರಬಹುದೆಂದು ಆಮೇಲೆ ಅಂಗುಲ ಅಂಗುಲವಾಗಿ ನೋಡಿದೆವು. ಸೋರಿರಲಿಲ್ಲ.

ಲಹ್ಯಾ ಒಳಗೆ ಕಾಲಿಟ್ಟಳು. ದಳದ ನಾಯಕ ತಡೆಯಲು ಕೈ ಚಾಚಿದ. ಮಾರ್ಕೆತ್ತಾ ಅವನನ್ನು ನೋಡಿದರು, ಅವನು ಕೈ ಹಿಂತೆಗೆದ. ಲಹ್ಯಾ ಸೌಟನ್ನೆತ್ತಿ ನೀರು ತುಂಬಿ, ನಮ್ಮ ಹಿರಿಯರು ಸೌನಾದ ಕೊನೆಯ ಉಗಿಯನ್ನು ಕಣ್ಣಿಗೆ ಕಾಣದವರ ಪಾಲಿಗೆಂದು ಬಿಟ್ಟು ಬರುವ ಹಾಗೆ, ಇನ್ನೂ ಕಾದಿದ್ದ ಕಲ್ಲುಗಳ ಮೇಲೆ ಹೊಯ್ದಳು. ಉಸ್ಸೆಂದು ಉಗಿ ಎದ್ದಿತು. ಅದು ಮೇಲಿನ ಹಲಗೆಯವರೆಗೆ ಹೋಗಿ, ಅಲ್ಲಿ ಯಾವುದನ್ನೋ ಬಳಸಿಕೊಂಡಂತೆ ಸುತ್ತಿ, ನಾವು ಒಡೆದ ಗೋಡೆಯ ಕಡೆಗೆ ತಿರುಗಿತು. ನಮ್ಮ ನಡುವೆ ಹಾದು, ಮುಖವನ್ನೆಲ್ಲ ಒದ್ದೆ ಮಾಡಿ, ಓಣಿಯುದ್ದಕ್ಕೂ ಹರಿದು, ತೆರೆದಿದ್ದ ಬಾಗಿಲಿನಿಂದ ಸರೋವರದ ಕಡೆಗೆ ಹೊರಟುಹೋಯಿತು.

“ಹೋಗಪ್ಪ ಸುಲೊ,” ಎಂದಳು ಲಹ್ಯಾ, ಬೈಯುವ ದನಿಯಲ್ಲಿ. “ಎಷ್ಟು ಹೊತ್ತು ಕೂತಿರ್ತೀಯ? ಊಟ ಆರ್ತಿದೆ.”

ಹೊರಗೆ ದಡದಲ್ಲಿ ಬೆಂಕಿ ಹಚ್ಚಿದ್ದರು. ಜನ ಹಾಡುವುದು ಕೇಳಿಸುತ್ತಿತ್ತು.

ಆಗಸ್ಟಿನಲ್ಲಿ ಆಡಿಟರು ಬಂದರು. ಅವರ ಮುಂದಿಡಲು ಮಾರ್ಕೆತ್ತಾ ಅವರು ಸಿದ್ಧಪಡಿಸಿದ ವರದಿಯನ್ನು ಕ್ಯೋಸ್ತಿ ಅವರು ಮೊದಲು ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಬಕೆಟ್ಟಿನಲ್ಲಿ ನೀರಿತ್ತು; ಕಾರಣ ತಿಳಿಯದು.’

“ಇದನ್ನ ತೆಗೀರಿ. ನಗ್ತಾರೆ.”

“ನಗಲಿ. ಅಳೆದಿದ್ದನ್ನ ಅಳೆದೆ ಅಂತ ಬರ್ದಿದ್ದೀನಿ. ಇದು ಅಳತೆಗೆ ಸಿಗಲಿಲ್ಲ, ಸಿಗಲಿಲ್ಲ ಅಂತ ಬರ್ದಿದ್ದೀನಿ. ಒಂದು ಸಾಲು ಮುಚ್ಚಿಟ್ರೆ ಬಾಕಿ ಸಾಲುಗಳನ್ನ ಯಾಕೆ ನಂಬ್ತಾರೆ?”

ಆಡಿಟರು ನಗಲಿಲ್ಲ. ಆ ಸಾಲನ್ನು ಎರಡು ಬಾರಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಉಳಿದ ಲೆಕ್ಕವನ್ನು ಹೆಚ್ಚು ಪ್ರಶ್ನಿಸದೆ ಒಪ್ಪಿಕೊಂಡರು. ಒಂದನೇ ಯಂತ್ರಾಂಗಣಕ್ಕೆ ಬೀಗ ಬೀಳಲಿಲ್ಲ. ಇಂದಿಗೂ ಅಲ್ಲಿ ರಟ್ಟು ತಯಾರಾಗುತ್ತಿದೆ, ಹೌಕಿಸಲ್ಮಿಯಲ್ಲಿ ಇಂದಿಗೂ ಶಾಲೆಯಿದೆ.

ಗೋಡೆ ತಣ್ಣಗಾಯಿತು. ಲಹ್ಯಾ ಬನ್ನು ಇಡುವುದನ್ನು ಬಿಟ್ಟಳು. ಬಿಡುವಿನಲ್ಲಿ ಸರೋವರ ಕಾಣುವ ಕಿಟಕಿಯ ಬಳಿ ಕೂರತೊಡಗಿದಳು. ಅವಳು ಕೆಲಸ ಬಿಡುವವರೆಗೂ ಮಾರ್ಕೆತ್ತಾ ಅವರು ದಿನವೂ ತಮ್ಮ ಕಾಫಿಯನ್ನು ಅವಳ ಎದುರು ಕೂತೇ ಕುಡಿದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಚಳಿಗಾಲದ ಮೊದಲ ವಾರ ಮಾತ್ರ ಲಹ್ಯಾ ಒಮ್ಮೆ, “ಈಗ ಬೆನ್ನಿಗೆ ಚಳಿ ಆಗುತ್ತೆ ಕಣೇ ಬಾವಲಿ, ಎಲ್ಲಾ ನಿನ್ನಿಂದ,” ಎಂದಾಗ, ಮರುದಿನ ಮಾರ್ಕೆತ್ತಾ ಅವರು ತಾವೇ ಹೆಣೆದ ಉಣ್ಣೆಯ ಶಾಲನ್ನು ತಂದು ಅವಳ ಹೆಗಲಿಗೆ ಹೊದಿಸಿದರು. ಹೆಣಿಗೆ ಬಹಳ ಕೆಟ್ಟದಾಗಿತ್ತು. ಲಹ್ಯಾ ಅದನ್ನು ಹೊದ್ದೇ ಮಣ್ಣಿಗೆ ಹೋದಳು.

ಆಮೇಲಿನ ಕಥೆ ಎಲ್ಲರಿಗೂ ತಿಳಿದದ್ದು. ಮಾರ್ಕೆತ್ತಾ ಅವರು ನಮ್ಮ ಗಿರಣಿ ಬಿಟ್ಟು ಸೀಮೆಯ ಹಿರಿಯ ತಪಾಸಕರಾದರು. ಆಸ್ಪತ್ರೆಗಳು, ಮರ ಕೊಯ್ಯುವ ಮಿಲ್ಲುಗಳು, ಒಂದೆರಡು ಚರ್ಚುಗಳು ಕೂಡ ಅವರ ಕೈಯಲ್ಲಿ ತಮ್ಮನ್ನು ತಾವು ಕಂಡುಕೊಂಡವು. ಎಲ್ಲೇ ಹೋಗಲಿ, ಯಾವುದನ್ನಾದರೂ ಆರಿಸುವ ಮೊದಲು ಅಲ್ಲಿನ ಹಳಬರನ್ನು ಹುಡುಕಿಕೊಂಡು ಹೋಗಿ, “ಇದು ಯಾರದ್ದು?” ಎಂದು ಕೇಳುವರು. ಅವರಿಂದ ಕಲಿತ ಎಳೆಯ ಎಂಜಿನಿಯರುಗಳು ಅದನ್ನು ಬರಿಯ ಸೌಜನ್ಯವೆಂದು ತಿಳಿದಿದ್ದಾರೆ. ಅದು ಸೌಜನ್ಯವಷ್ಟೇ ಅಲ್ಲವೆಂದು ತಿಳಿಸುವುದಕ್ಕೇ ಇಷ್ಟನ್ನು ಬರೆದೆ.

ಇನ್ನೊಂದು ಮಾತು ಹೇಳಿ ಮುಗಿಸುವೆ. ನನ್ನ ಆಯ್ಲಿ ತೀರಿಕೊಂಡು ಇದು ಎರಡನೆಯ ವರ್ಷ. ಹೋದ ಶರತ್ಕಾಲದಿಂದ ನನ್ನ ಮನೆಯಲ್ಲಿ ಫ್ರಿಜ್ಜು ಮೊದಲಾಗಿ ಎಲ್ಲವನ್ನೂ ಆರಿಸಿದ ಮೇಲೂ ಮೀಟರಿನ ಪುಟ್ಟ ಕೆಂಪು ದೀಪ ಮಿಟುಕುತ್ತದೆ. ಬಿಟ್ಟು ಬಿಟ್ಟು, ನಿಧಾನವಾಗಿ. ಬದುಕೆಲ್ಲ ಎಲೆಕ್ಟ್ರಿಷಿಯನ್ ಆಗಿದ್ದವನು ನಾನು. ಕಾರಣ ಹುಡುಕಲು ಅರ್ಧ ದಿನ ಸಾಕು. ಹುಡುಕಿಲ್ಲ. ಈ ಸಾಲನ್ನು ಓದಿದ ಕೂಡಲೇ ಮಾರ್ಕೆತ್ತಾ ಅವರು ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡುತ್ತಾರೆಂದು ಬಲ್ಲೆ. ಈ ಹಿರಿಯ ಜೀವಕ್ಕೆ ಗಟ್ಟಿಯಾದ ಆರೋಗ್ಯವೂ, ಬೆಟ್ಟದಷ್ಟು ಆಯುಷ್ಯವೂ, ಇನ್ನೂ ಬಹುಕಾಲ ಊರೂರು ತಿರುಗುವ ಕಾಲ್ಬಲವೂ, ನಮಗೆ ಕೇಳಿಸದ್ದನ್ನು ಕೇಳುವ ಆ ಕಿವಿಯೂ ಇರಲೆಂದು ಮನಸಾರೆ ಹಾರೈಸುತ್ತೇನೆ. ಅವರು ನಮ್ಮ ಮನೆಗೂ ಬರಲಿ, ಬಂದೇ ಬರಲಿ. ಅವಸರ ಮಾತ್ರ ಬೇಡ.